ಬೂಟಿನೊಳಗಿನ ಕೈ

ಐಸ್ ಫ್ಯಾಕ್ಟರಿಯ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿದಾಗ ಬೆಳಿಗ್ಗೆ ಏಳೂಕಾಲು. ಮಂಗಳವಾರ. ರಾತ್ರಿ ಪಾಳಿಯ ಪೇದೆಗಳು ಇನ್ನೂ ಮನೆಗೆ ಹೊರಟಿರಲಿಲ್ಲ, ಹಗಲು ಪಾಳಿಯವರು ಪೂರ್ತಿ ಬಂದಿರಲಿಲ್ಲ. ಆತ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು, ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಮೇಜಿನ ಹಿಂದೆ ಕೂತಿದ್ದ ದಫೇದಾರ ತಲೆ ಎತ್ತಿದ.

"ಫ್ಯಾಕ್ಟರೀಲಿ ಗೂಳಿ ಬಿದ್ದು ಸಾರ್... ತಲೆ ಒಡೆದು ಹೋಗಿದೆ."

"ಗೂಳಿ ಬಿದ್ರೆ ದನದ ಆಸ್ಪತ್ರೆಗೆ ಹೋಗಿ. ಇಲ್ಲಿಗ್ಯಾಕೆ ಬಂದ್ರಿ?"

"ಗೂಳಿ ಅಂದ್ರೆ ಮನುಷ್ಯ ಸಾರ್. ಐಸ್ ಹೊರೋರ ಮುಖಂಡ. ಎಲ್ಲರೂ ಹಾಗೇ ಕರೀತಾರೆ. ಬಟ್ಟೆ ಬದಲಾಯಿಸೋ ಕೋಣೇಲಿ ಬೋರಲು ಬಿದ್ದಿದಾನೆ. ಉಸಿರಿಲ್ಲ."

ಒಳಕೋಣೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಳ್ಳುತ್ತಿದ್ದ ಇನ್ಸ್‌ಪೆಕ್ಟರ್ ಒಂದು ಸಂಗತಿಯನ್ನು ಗಮನಿಸಿದಳು. ದಫೇದಾರ ನಗುತ್ತಿದ್ದವನು ಥಟ್ಟನೆ ನಿಲ್ಲಿಸಿದ. ಠಾಣೆಗೆ ಸಾವಿನ ಸುದ್ದಿ ಬರುವುದು ಹೊಸದಲ್ಲ. ಇಪ್ಪತ್ತೈದು ವರ್ಷ ಸರ್ವೀಸು ಮಾಡಿದ ಆ ಮನುಷ್ಯ ಎಂಥೆಂಥ ಹೆಣಗಳ ಪಕ್ಕ ಕೂತು ಟೀ ಕುಡಿದವನು. ಈ ಸಲ ಮಾತ್ರ ಅವನ ಕೈಯ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಆಗ ಕೇಳುವ ಹೊತ್ತಲ್ಲ ಎಂದು ಆಕೆ ಸುಮ್ಮನಾದಳು.

ಮ್ಯಾನೇಜರನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಫ್ಯಾಕ್ಟರಿಯ ಗೇಟು ದಾಟುತ್ತಲೇ ಅಮೋನಿಯಾ ವಾಸನೆ ಮೂಗಿಗೆ ಅಡರಿತು. ಎಡಕ್ಕೆ ಕಂಪ್ರೆಸರ್ ಕೋಣೆ, ಬಲಕ್ಕೆ ಉಪ್ಪುನೀರಿನ ದೊಡ್ಡ ತೊಟ್ಟಿ. ಆ ತೊಟ್ಟಿಯಲ್ಲಿ ಸಾಲುಸಾಲಾಗಿ ಇಳಿಬಿಟ್ಟ ತಗಡಿನ ಉದ್ದ ಡಬ್ಬಗಳು, ಅವುಗಳ ಮೇಲೆ ಮರದ ಮುಚ್ಚಳಗಳು. ಡಬ್ಬದೊಳಗಿನ ಸಿಹಿನೀರು ಒಂದು ದಿನ ಕಳೆಯುವಷ್ಟರಲ್ಲಿ ಗಟ್ಟಿಯಾಗಿ, ಮನುಷ್ಯನ ಎದೆಯೆತ್ತರದ ಐಸ್ ಹಲಗೆಯಾಗುತ್ತದೆ. ಬಟ್ಟೆ ಬದಲಾಯಿಸುವ ಕೋಣೆ ತೊಟ್ಟಿಯ ಹಿಂದೆ. ಒಂದು ಬೆಂಚು, ಕಬ್ಬಿಣದ ಕಪಾಟುಗಳು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ.

ಗೂಳಿ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಬೆನ್ನು ಬಾಗಿಲಿನಷ್ಟು ಅಗಲ. ಆ ಬೆನ್ನು ಈಗ ಬೆಂಚಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಬಲಗಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಎಡಗಾಲು ಬರಿಗಾಲು. ಎಡಗಾಲಿನ ಬೂಟು ಅವನ ಎದೆಯ ಕೆಳಗೆ ಅಪ್ಪಚ್ಚಿಯಾಗಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಪೊಲೀಸ್ ವೈದ್ಯ ಮೆಲ್ಲನೆ ಬೆರಳು ಬಿಡಿಸಿದಾಗ ಒಳಗೆ ಸಿಕ್ಕಿದ್ದು ಒದ್ದೆಯಾಗಿ ಮುದ್ದೆಯಾಗಿದ್ದ ನ್ಯೂಸ್‌ಪೇಪರು.

"ಒಂದೇ ಏಟು," ಎಂದರು ವೈದ್ಯರು. "ಹಿಂದಿನಿಂದ. ಭಾರದ ವಸ್ತು, ಹರಿತ ಇಲ್ಲ. ಹೊಡೆಯುವಾಗ ಇವನು ಬಗ್ಗಿದ್ದ."

"ಎದುರಾಡಿದ ಗುರುತು?"

"ಏನೂ ಇಲ್ಲ. ತಿರುಗಿ ನೋಡೋಕೂ ಹೊತ್ತಿರಲಿಲ್ಲ."

ಐಸ್ ತುಂಬಿಸಿಕೊಳ್ಳಲು ಬಂದಿದ್ದ ಲಾರಿ ಡ್ರೈವರನನ್ನೂ ಗೇಟಿನ ಕಾವಲುಗಾರನನ್ನೂ ಪಂಚರನ್ನಾಗಿ ಮಾಡಿಕೊಂಡು ದಫೇದಾರ ಪಂಚನಾಮೆ ಬರೆದ. ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿ ಮೇಲೆ ಟವೆಲು, ಅದರ ಕೆಳಗೆ ಊಟದ ಡಬ್ಬಿ. ಎಲ್ಲಕ್ಕಿಂತ ತಳದಲ್ಲಿ ಗೋಣಿತಟ್ಟು ಸುತ್ತಿ, ಹುರಿಹಗ್ಗದಿಂದ ಬಿಗಿದು ಕಟ್ಟಿದ್ದ ಒಂದು ಗಂಟು. ಬಿಚ್ಚಿದರೆ ಐಸ್ ಒಡೆಯುವ ಚೂಪು ಕಬ್ಬಿಣದ ಸರಳು.

"ಐಸ್ ಹೊರೋನ ಹತ್ರ ಸರಳು ಇರೋದು ಸಹಜ ಅಲ್ವಾ ಮೇಡಂ?" ಎಂದ ಡ್ರೈವರ್.

"ಕೆಲಸದ ಸರಳನ್ನ ಯಾರಾದ್ರೂ ಗೋಣಿ ಸುತ್ತಿ ಊಟದ ಡಬ್ಬಿ ಕೆಳಗೆ ಇಡ್ತಾರಾ?"

ಪೊಲೀಸ್ ನಾಯಿಯನ್ನು ಕರೆಸಿದ್ದೂ ಆಯಿತು. ಅಮೋನಿಯಾ ವಾಸನೆಗೆ ಅದು ಸೀನಿ ಸೀನಿ ಸುಸ್ತಾಗಿ ಗೇಟಿನ ಬಳಿ ಮಲಗಿತು. ಹೊರಗಿನವರು ಯಾರೂ ಒಳಗೆ ಬಂದಿಲ್ಲ ಎಂದು ಕಾವಲುಗಾರ ಆಣೆ ಮಾಡಿದ. ಮ್ಯಾನೇಜರ್ ಕೈ ಹೊಸೆಯುತ್ತ ಹಿಂದೆಯೇ ಸುತ್ತುತ್ತಿದ್ದ.

"ಕೋಣೆಗೆ ಬೀಗ ಹಾಕಿ ಮೇಡಂ, ತೊಟ್ಟಿ ಮಾತ್ರ ನಿಲ್ಲಿಸಬೇಡಿ. ಆಸ್ಪತ್ರೆಗೆ ಐಸ್ ಹೋಗ್ಬೇಕು, ಮೀನಿನ ಮಾರ್ಕೆಟ್ಟಿಗೆ ಹೋಗ್ಬೇಕು."

ಸತ್ತವನ ಮೈ ಆರುವ ಮೊದಲೇ ಐಸಿನ ಚಿಂತೆ! ಆದರೂ ಶವಾಗಾರಕ್ಕೂ ಇದೇ ಫ್ಯಾಕ್ಟರಿಯ ಐಸ್ ಹೋಗುತ್ತದೆಂಬುದು ಆಕೆಗೆ ಗೊತ್ತಿತ್ತು. ಸರಿ ಎಂದಳು.

ಕ್ಯಾಂಟೀನಿನವನಿಗೆ 'ರೇಡಿಯೊ' ಎಂದು ಹೆಸರು. ಅವನ ಕಿವಿಗೆ ಬಿದ್ದದ್ದು ಹೊಟ್ಟೆಯಲ್ಲಿ ಉಳಿದ ದಾಖಲೆಯೇ ಇಲ್ಲ. ಇನ್ಸ್‌ಪೆಕ್ಟರ್ ಕೂತು ಟೀ ಲೋಟ ಮುಟ್ಟುವಷ್ಟರಲ್ಲಿ ಅವನು ಶುರು ಮಾಡಿಯೇ ಬಿಟ್ಟ.

"ಗೂಳಿಗೂ ಕಂಪ್ರೆಸರ್ ಮೇಸ್ತ್ರಿಗೂ ಆಗ್ತಿರಲಿಲ್ಲ ಮೇಡಂ. ಇಡೀ ಫ್ಯಾಕ್ಟರಿಗೆ ಗೊತ್ತು."

"ಯಾಕೆ ಆಗ್ತಿರಲಿಲ್ಲ?"

"ಗೂಳಿ ತಮ್ಮನೂ ಇಲ್ಲೇ ಕೆಲಸಕ್ಕಿದ್ದ. ಹೋದ ವರ್ಷ ಐಸ್ ಎತ್ತೋ ರಾಟೆಯ ಸರಪಳಿ ಕಿತ್ತು, ಹಲಗೆ ಅವನ ಕಾಲ ಮೇಲೆ ಬಿತ್ತು. ಮೊಣಕಾಲಿಂದ ಕೆಳಗೆ ಕತ್ತರಿಸಿದ್ರು. ಸರಪಳಿ ನೋಡ್ಕೊಳ್ಳೋದು ಮೇಸ್ತ್ರಿ ಕೆಲಸ. ಆಸ್ಪತ್ರೆ ಅಂಗಳದಲ್ಲೇ ಗೂಳಿ ಕೂಗಿದ್ದ: 'ಕಾಲಿಗೆ ಕಾಲು ಕೇಳಲ್ಲ ಕಣೋ, ತಲೇನೇ ತಗೀತೀನಿ.' ನಾನೇ ಅಲ್ಲಿದ್ದೆ."

"ಸರಪಳಿ ಸವೆದಿದೆ ಅಂತ ಮೇಸ್ತ್ರಿ ಯಾರಿಗೂ ಹೇಳಿರಲಿಲ್ವಾ?"

ರೇಡಿಯೊ ಮ್ಯಾನೇಜರನ ಕೋಣೆಯ ಕಡೆ ಓರೆಗಣ್ಣಿನಿಂದ ನೋಡಿ ದನಿ ತಗ್ಗಿಸಿದ. "ಹೇಳಿದ್ರು. ನೋಡೋಣ ಅಂದ್ರಂತೆ."

"ಆಮೇಲೆ ಜಗಳ ಏನಾದ್ರೂ?"

"ಅದೇ ವಿಚಿತ್ರ. ಮೊದಲೆರಡು ತಿಂಗಳು ಗೂಳಿ ದಿನಾ ಬೈತಿದ್ದ. ಆಮೇಲೆ ಬಾಯೇ ಬಿಡಲಿಲ್ಲ. ಮೇಸ್ತ್ರಿ ಸೊಂಟಕ್ಕೆ ದೊಡ್ಡ ಪಾನ ಸಿಕ್ಕಿಸ್ಕೊಂಡು ಓಡಾಡೋಕೆ ಶುರು ಮಾಡಿದ್ರು. ಪೈಪು ತಿರುಗಿಸೋ ಪಾನ, ಈ ಉದ್ದ. ಊಟಕ್ಕೆ ಬಂದ್ರೂ ಸೊಂಟದಲ್ಲಿ, ಕಕ್ಕಸಿಗೆ ಹೋದ್ರೂ ಸೊಂಟದಲ್ಲಿ."

"ಇದನ್ನೆಲ್ಲ ನೀನು ಗೂಳಿಗೆ ಹೇಳಿದ್ಯಾ?"

"ಕೇಳ್ತಿದ್ದ, ಹೇಳ್ತಿದ್ದೆ. ಮೇಸ್ತ್ರಿ ಕೇಳ್ತಿದ್ರು, ಅವರಿಗೂ ಹೇಳ್ತಿದ್ದೆ. ನಂಗ್ಯಾಕೆ ಮೇಡಂ ಒಬ್ಬರ ಪಕ್ಷ?"

ಕಂಪ್ರೆಸರ್ ಕೋಣೆಯ ಗೋಡೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು, ಅದರ ಮೇಲೆ ಆ ಉಪಕರಣವನ್ನೇ ತೂಗುಹಾಕಿದ್ದರು. ಅಚ್ಚುಕಟ್ಟು ಮನುಷ್ಯನ ಕೆಲಸ. ಎಲ್ಲಕ್ಕಿಂತ ದೊಡ್ಡ ಆಕಾರ ಖಾಲಿಯಾಗಿತ್ತು. ರಾತ್ರಿ ಪಾಳಿ ಮುಗಿಸಿ ಮೇಸ್ತ್ರಿ ಆರಕ್ಕೇ ಮನೆಗೆ ಹೋಗಬೇಕಿತ್ತು. ಇವತ್ತು ಹೊರಟದ್ದು ಆರೂವರೆ ದಾಟಿದ ಮೇಲೆ ಎಂದು ಹಗಲು ಪಾಳಿಯ ಆಪರೇಟರ್ ಹೇಳಿದ. ಹೋಗುವಾಗ ಸೊಂಟದಲ್ಲಿ ಪಾನ ಇತ್ತೇ ಎಂದರೆ ಅವನಿಗೆ ನೆನಪಿಲ್ಲ.

ಗೂಳಿಯ ಮನೆ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ. ಒಂದೇ ಕೋಣೆ, ಅದಕ್ಕೇ ಅಂಟಿಕೊಂಡ ಅಡುಗೆಮನೆ. ಹೆಂಡತಿ ಅಳು ಮುಗಿಸಿ ಗೋಡೆಗೆ ಒರಗಿದ್ದಳು. ಗೂಳಿಯ ತಮ್ಮ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದ. ಪೊಲೀಸರು ಒಳಗೆ ಬರಲು ಅವನು ಸರಿದು ಜಾಗ ಕೊಡಬೇಕಾಯಿತು.

"ಯಾರು ಅಂತ ಕೇಳ್ತೀರಾ? ಮೇಸ್ತ್ರಿ. ಬರ್ಕೊಳ್ಳಿ," ಎಂದ ತಮ್ಮ.

"ನೋಡಿದ್ಯಾ?"

"ನೋಡ್ಬೇಕಾ? ನನ್ನ ಕಾಲು ತಿಂದ, ಈಗ ಅಣ್ಣನ್ನ ತಿಂದ."

ಇನ್ಸ್‌ಪೆಕ್ಟರ್ ಹೆಂಡತಿಯ ಪಕ್ಕ ನೆಲದ ಮೇಲೆ ಕೂತಳು. "ನಿಮ್ಮನೆಯವರು ಮೇಸ್ತ್ರಿಗೆ ಏನಾದ್ರೂ ಮಾಡ್ಬೇಕು ಅಂತಿದ್ರಾಮ್ಮಾ?"

"ಮೊದಲು ಅಂತಿದ್ರು. ಕೋಪ. ಬೊಗಳೋ ನಾಯಿ ಕಚ್ಚಲ್ಲ ಅಂತ ನಾನೂ ಸುಮ್ನಿದ್ದೆ. ಆಮೇಲೆ ಅವರಿಗೇ ಸಾಕಾಯ್ತು. ಬೈದ್ರೆ ತಮ್ಮನ ಕಾಲು ಬರುತ್ತಾ ಅಂದ್ರು. ಅಷ್ಟರಲ್ಲಿ ಆ ಯಪ್ಪ ಸೊಂಟಕ್ಕೆ ಪಾನ ಸಿಕ್ಕಿಸ್ಕೊಂಡ್ರಂತೆ. ಅವತ್ತಿಂದ ಇವರಿಗೆ ಭಯ."

"ಭಯ?"

"ಯಾರಿಗೂ ಹೇಳ್ಬೇಡ ಅಂದಿದ್ರು. ಗೂಳಿ ಅಂತ ಹೆಸರಿಟ್ಕೊಂಡೋನು ಹೆದರಿದ ಅಂದ್ರೆ ಹುಡುಗರು ಮಾತು ಕೇಳ್ತಾರಾ? ರಾತ್ರಿ ಹೊತ್ತು ಬಾಗಿಲಿಗೆ ಮಂಚ ಅಡ್ಡ ಎಳೆದು ಮಲಗೋರು. ಬೆಳಿಗ್ಗೆ ಮೇಸ್ತ್ರಿ ಎದುರಾಗೋದು ಬೇಡ ಅಂತ ಪಾಳಿ ಶುರುವಾಗಿ ಅರ್ಧ ಗಂಟೆ ಆದ್ಮೇಲೇ ಹೋಗೋರು. ಮ್ಯಾನೇಜರ್ ಹತ್ರ ಬೈಸಿಕೊಂಡ್ರೂ ಪರವಾಗಿಲ್ಲ ಅಂತ."

ಇನ್ಸ್‌ಪೆಕ್ಟರ್ ನೆಲ ನೋಡಿದಳು. ಬಾಗಿಲಿನಿಂದ ಗೋಡೆಯವರೆಗೆ ಮಂಚದ ಕಾಲು ಕೊರೆದ ಬಿಳಿ ಗೆರೆಗಳು, ಒಂದರ ಮೇಲೊಂದು.

ಮೇಸ್ತ್ರಿಯ ಮನೆಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಅವನ ಹೆಂಡತಿ ಬಾಗಿಲು ತೆರೆದವಳೇ ತುಟಿಯ ಮೇಲೆ ಬೆರಳಿಟ್ಟಳು.

"ಸ್ವಲ್ಪ ಹೊತ್ತು ಬಿಟ್ಟು ಬನ್ನೀಮ್ಮಾ. ಎಷ್ಟೋ ತಿಂಗಳಾದ್ಮೇಲೆ ಇವತ್ತು ಮಲಗಿದಾರೆ. ಕೋಳಿ ನಿದ್ದೆ ಮಾಡಿ ಮಾಡಿ ಕಣ್ಣು ಗುಳಿ ಬಿದ್ದಿತ್ತು."

ಗೋಡೆಯ ಕಡೆ ಮುಖ ಮಾಡಿ, ಮಗುವಿನ ಹಾಗೆ ಮೊಣಕಾಲು ಮಡಚಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದ ಆ ಐವತ್ತೆಂಟರ ಬಡಕಲು ಮನುಷ್ಯ. ಬಾಗಿಲ ಪಕ್ಕ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಿಂದ ಬಾಗಿಲಿಗೆ ನೆಲದ ಮೇಲೆ ಉಜ್ಜಿದ ಗೆರೆಗಳು. ಗೂಳಿಯ ಮನೆಯಲ್ಲಿ ಮಂಚ, ಇಲ್ಲಿ ಪೆಟ್ಟಿಗೆ. ಗೆರೆಗಳು ಮಾತ್ರ ಅವೇ.

ಎಬ್ಬಿಸದೆ ವಿಧಿಯಿರಲಿಲ್ಲ. ಮೇಸ್ತ್ರಿ ಎದ್ದು ಕೂತು, ಖಾಕಿ ನೋಡಿ, ಪಕ್ಕದಲ್ಲಿದ್ದ ಅಂಗಿ ಹಾಕಿಕೊಂಡ.

"ಪಾನ ಎಲ್ಲಿ ಮೇಸ್ತ್ರಿ?"

"ಫ್ಯಾಕ್ಟರೀಲೇ ಇರ್ಬೇಕು."

"ಗೋಡೆ ಮೇಲಿಲ್ಲ."

"ಹಾಗಾದ್ರೆ ಎಲ್ಲೋ ಬಿದ್ದಿರುತ್ತೆ. ಸಿಗುತ್ತೆ ಬಿಡಿ."

"ಇವತ್ತು ತಡವಾಗಿ ಹೊರಟ್ರಂತೆ?"

"ದಿನಾ ತಡವಾಗೇ ಹೊರಡ್ತೀನಿ. ಅವನು ಬಂದು ತೊಟ್ಟಿ ಹತ್ರ ಕೆಲಸಕ್ಕೆ ನಿಂತ ಮೇಲೆ, ಹಿಂದಿನ ಬಾಗಿಲಿಂದ."

"ಅವನು ಅಂದ್ರೆ?"

ಮೇಸ್ತ್ರಿ ಅಂಗಿಯ ಗುಂಡಿ ಹಾಕತೊಡಗಿದ. ಮನೆ ಜಾಲಾಡಿದರೂ ಪಾನ ಸಿಗಲಿಲ್ಲ. ಬಟ್ಟೆ ಒಗೆದು ಹಗ್ಗದ ಮೇಲೆ ಹರವಿತ್ತು. ಅನುಮಾನ ಎಷ್ಟೇ ಇದ್ದರೂ ಕೈಯಲ್ಲಿ ಸಾಕ್ಷ್ಯ ಇಲ್ಲ. ಮನೆಯ ಮುಂದೆ ಒಬ್ಬ ಪೇದೆಯನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಜೀಪು ಹತ್ತಿದಳು.

ಅರ್ಧ ದಾರಿ ಬಂದಿರಬಹುದು. ಹಿಂದಿನ ಸೀಟಿನಲ್ಲಿದ್ದ ದಫೇದಾರ ಕೆಮ್ಮಿದ.

"ಮೇಡಂ, ನೀವು ಬಂದೋಬಸ್ತಿಗೆ ಹೋಗಿದ್ರಲ್ಲ ಹೋದ ತಿಂಗಳು, ಆಗ ಇಬ್ರೂ ಬಂದಿದ್ರು."

"ಯಾರಿಬ್ರು?"

"ಮೊದಲು ಮೇಸ್ತ್ರಿ. ಗೂಳಿ ನನ್ನ ಕೊಲ್ತಾನೆ ಅಂತ. ಹೊಡೆದ್ನಾ ಅಂದೆ. ಇಲ್ಲ ಅಂದ. ಬೈದ್ನಾ ಅಂದೆ. ಈಗ ಬೈಯೋದೂ ಇಲ್ಲ ಸಾರ್, ಅದಕ್ಕೇ ಭಯ ಅಂದ. ಬೈಯದೇ ಇರೋನ ಮೇಲೆ ಏನಂತ ಬರ್ಕೊಳ್ಳಲಿ? ಹುಷಾರಾಗಿರು ಅಂತ ಹೇಳಿ ಕಳಿಸ್ದೆ. ಒಂದು ವಾರಕ್ಕೆ ಗೂಳಿ ಬಂದ. ಮೇಸ್ತ್ರಿ ಪಾನ ಇಟ್ಕೊಂಡು ಓಡಾಡ್ತಾನೆ ಅಂತ. ಅವನಿಗೂ..."

"ಹುಷಾರಾಗಿರು ಅಂದ್ರಿ."

"ಹೂಂ. ನಗುನೂ ಬಂತು ಮೇಡಂ. ಅಷ್ಟು ದೊಡ್ಡ ಗಂಡಸು."

"ಇವನಿಗೆ ಅವನ ಭಯ, ಅವನಿಗೆ ಇವನ ಭಯ ಅಂತ ಇಬ್ಬರಲ್ಲಿ ಒಬ್ಬರಿಗಾದ್ರೂ ಹೇಳಿದ್ರಾ?"

"ಒಬ್ಬರ ದೂರು ಇನ್ನೊಬ್ಬರಿಗೆ ಹೇಳೋದು ಸರಿಯಲ್ಲ ಅನ್ನಿಸ್ತು."

ತಪ್ಪೇನೂ ಅಲ್ಲ. ನಿಯಮದ ಪ್ರಕಾರ ನಡೆದುಕೊಂಡಿದ್ದ. ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡುತ್ತ ಕೂತಳು. ಹುಷಾರಾಗಿರು ಎಂದರೆ ಜನ ಏನು ಮಾಡುತ್ತಾರೆ? ಒಬ್ಬ ಪಾನವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ, ಇನ್ನೊಬ್ಬ ಚೀಲದ ತಳಕ್ಕೆ ಸರಳು ಸೇರಿಸುತ್ತಾನೆ.

ಮರುದಿನ ಬೆಳಿಗ್ಗೆ ಫ್ಯಾಕ್ಟರಿಯಿಂದ ಫೋನು ಬಂತು. ಇನ್ಸ್‌ಪೆಕ್ಟರ್ ಹೋಗಿ ನೋಡಿದರೆ ಐಸ್ ಹೊರುವವರೆಲ್ಲ ಕೊಕ್ಕೆ ಕೆಳಗಿಟ್ಟು ದೂರ ನಿಂತಿದ್ದರು. ತೊಟ್ಟಿಯ ಪಕ್ಕದ ಜಾರುಹಲಗೆಯ ಮೇಲೆ ಆಗಷ್ಟೇ ಡಬ್ಬದಿಂದ ಕಳಚಿದ ಒಂದು ಐಸ್ ಹಲಗೆ. ಮೇಲ್ಭಾಗ ಗಾಜಿನಂತೆ ತಿಳಿ. ತಳದಲ್ಲಿ, ಕಂದುಗಟ್ಟಿದ ಮಂಜಿನ ನಡುವೆ, ಬಾಯಿ ತೆರೆದ ದೊಡ್ಡ ಕಬ್ಬಿಣದ ಪಾನ.

ಪಂಚರ ಮುಂದೆ ಐಸ್ ಕರಗಿಸಿ ಪಾನವನ್ನೂ ಅದರ ಸುತ್ತಲಿನ ನೀರನ್ನೂ ಬೇರೆ ಬೇರೆ ವಶಪಡಿಸಿಕೊಂಡು ಮೊಹರು ಹಾಕಿದರು. ಆ ಡಬ್ಬ ಇದ್ದದ್ದು ಬಟ್ಟೆ ಬದಲಾಯಿಸುವ ಕೋಣೆಯಿಂದ ಹೊರಬಿದ್ದರೆ ಮೊದಲು ಸಿಗುವ ಸಾಲಿನಲ್ಲಿ.

ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುವ ಕಷ್ಟ ಇರಲಿಲ್ಲ. ಕಾವಲಿಗಿದ್ದ ಪೇದೆಯ ಜೊತೆಯಲ್ಲೇ ನಡೆದು ಬಂದು ಕಂಪ್ರೆಸರ್ ಕೋಣೆಯಲ್ಲಿ ಕೂತಿದ್ದ. ಹಗಲು ಪಾಳಿಯ ಆಪರೇಟರನಿಗೆ ಯಾವ ಕವಾಟ ಬಿಗಿ, ಯಾವುದು ಸಡಿಲ ಎಂದು ತೋರಿಸುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡು ಕೈ ಒರೆಸಿಕೊಂಡ.

"ಇವತ್ತು ಆ ಸಾಲಿನ ಐಸ್ ತೆಗೀತಾರೆ ಅಂತ ಗೊತ್ತಿತ್ತು ಮೇಡಂ."

"ಗೊತ್ತಿದ್ದೂ ಅಲ್ಲಿ ಹಾಕಿದ್ರಾ?"

"ಕೈಗೆ ಭಾರ ಆಯ್ತು. ಹತ್ತಿರದ ಮುಚ್ಚಳ ಎತ್ತಿ ಹಾಕಿಬಿಟ್ಟೆ. ಆಮೇಲೆ ತೆಗೀಬಹುದಿತ್ತು, ತೆಗೀಲಿಲ್ಲ. ಒಂದು ದಿನ ಮಲಗೋಣ ಅನ್ನಿಸ್ತು."

ಅಲ್ಲಿಯೇ ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಹೇಳಿಕೆ ಬರೆದುಕೊಳ್ಳಲು ದಫೇದಾರ ಕೂತ. ಇನ್ಸ್‌ಪೆಕ್ಟರ್ ಎದುರು ಕೂತು, ಮೊದಲು ನೀರು ಕೊಡಿಸಿದಳು.

"ಏನಾಯ್ತು?"

"ಅವನು ಆಗಲೇ ಬಂದು ಕೆಲಸಕ್ಕೆ ಹೋಗಿದಾನೆ ಅಂದ್ಕೊಂಡು ಅಂಗಿ ಬದಲಾಯಿಸೋಕೆ ಹೋದೆ. ಬಾಗಿಲು ದೂಡಿದ್ರೆ ಅವನೊಬ್ಬನೇ. ಬೆನ್ನು ನನ್ನ ಕಡೆ. ಒಂದು ಕಾಲಿಗೆ ಬೂಟು ಹಾಕಿದ್ದ. ನಾನು ಬಂದ ಸದ್ದಾಯ್ತು. ಇನ್ನೊಂದು ಬೂಟಿನೊಳಗೆ ಕೈ ಹಾಕಿದ."

"ಹಾಕಿದ್ರೆ?"

"ಸರಳು ಬೂಟಲ್ಲೇ ಇಟ್ಕೊಂಡಿರ್ತಾನೆ. ಅದು ನಂಗೆ ಗೊತ್ತಿತ್ತು. ಕೈ ಹೊರಗೆ ಬಂದ್ರೆ ನನ್ನ ಕತೆ ಮುಗೀತು ಅಂತ..." ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ. ತೆಳು ಮಣಿಕಟ್ಟು. "ಒಂದೇ ಏಟು ಹಾಕಿದ್ದು ಮೇಡಂ. ಎರಡನೇದು ಹಾಕಿಲ್ಲ."

"ಓಡಿಹೋಗಬಹುದಿತ್ತು. ಬಾಗಿಲು ನಿಮ್ಮ ಹಿಂದೇನೇ ಇತ್ತು."

"ಇವತ್ತು ಓಡ್ತೀನಿ. ನಾಳೆ? ನಾಡಿದ್ದು?" ಮೊದಲ ಸಲ ಅವನ ದನಿ ಏರಿತು. "ನಾನು ಕಾಯ್ಬೇಕಿತ್ತಾ? ಅವನು ಮೊದಲು ಹೊಡೀಲಿ, ಆಮೇಲೆ ನಾನು ಹೊಡೀತೀನಿ ಅಂತ? ಅವನ ಕೈ ನೋಡಿದೀರಾ ಮೇಡಂ? ಅವನ ಮೊದಲನೇ ಏಟು ಬಿದ್ದಮೇಲೆ ಎರಡನೇದು ಹೊಡೆಯೋಕೆ ನಾನು ಇರ್ತಿದ್ನಾ? ಇಲ್ಲಿಗೆ ಬಂದಿದ್ದೆ. ಇವರನ್ನೇ ಕೇಳಿ. ಹೊಡೆದ್ನಾ ಅಂತ ಕೇಳಿದ್ರು. ಹೊಡೆದ ಮೇಲೆ ಬಂದು ಹೇಳೋಕೆ ಬಾಯಿರುತ್ತಾ ನಂಗೆ?"

ದಫೇದಾರನ ಪೆನ್ನು ಮತ್ತೆ ನಿಂತಿತು. ಆದರೂ ಬರೆದ, ಒಂದಕ್ಷರ ಬಿಡದೆ.

ಇನ್ಸ್‌ಪೆಕ್ಟರ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಕಾನೂನು ಆಕೆಗೆ ಬಾಯಿಪಾಠ. ಪ್ರಾಣಕ್ಕೆ ಎದುರಿಗೇ ಕುತ್ತು ಬಂದು ನಿಂತಾಗ ಕೈ ಎತ್ತಿದರೆ ಅದು ಆತ್ಮರಕ್ಷಣೆ. ಕುತ್ತು ಬಂದೀತು ಎಂದು ಎತ್ತಿದರೆ ಕೊಲೆ. ಓದುವಾಗ ಎರಡರ ನಡುವೆ ಗೋಡೆಯಿದೆ ಎನ್ನಿಸುತ್ತದೆ. ಆ ಕೋಣೆಯ ಬಾಗಿಲಲ್ಲಿ, ಬೂಟಿನೊಳಗೆ ಹೋದ ಕೈ ಹೊರಬರುವಷ್ಟು ಹೊತ್ತಿನಲ್ಲಿ, ಈ ಬಡಕಲು ಮನುಷ್ಯನಿಗೆ ಆ ಗೋಡೆ ಕಾಣಬೇಕಿತ್ತೇ? ಕಾಣಬೇಕಿತ್ತು ಎಂದು ಹೇಳಲೇಬೇಕಾದವಳು ಆಕೆ. ಇಲ್ಲದಿದ್ದರೆ ಊರಿನ ಪ್ರತಿ ಬೆನ್ನೂ ಯಾರೋ ಒಬ್ಬನ ಭಯಕ್ಕೆ ಗುರಿಯಾಗುತ್ತದೆ.

"ಅವನ ಕೈಲಿ ಸರಳು ಇರಲಿಲ್ಲ ಮೇಸ್ತ್ರಿ," ಎಂದಳು. "ಬೂಟು ಒಣಗಲಿ ಅಂತ ಹಿಂದಿನ ದಿನ ಪೇಪರು ತುರುಕಿದ್ದ. ಅದನ್ನ ತೆಗೀತಿದ್ದ."

"ಸರಳೇ ಇರಲಿಲ್ವಾ?"

"ಇತ್ತು. ಚೀಲದ ತಳದಲ್ಲಿ. ಗೋಣಿ ಸುತ್ತಿ, ಹಗ್ಗ ಬಿಗಿದು. ಬಿಚ್ಚೋಕೆ ನಮಗೇ ಸುಮಾರು ಹೊತ್ತು ಹಿಡೀತು."

"ನೋಡಿ, ಇತ್ತಲ್ಲ!" ಎಂದು ಅವನು ಮುಂದಕ್ಕೆ ಬಾಗಿದ. "ನನಗೇ ತಂದಿದ್ದು ತಾನೇ?"

"ನಿಮಗೇ. ನಿಮ್ಮ ಭಯಕ್ಕೆ."

ಅವನಿಗೆ ಅರ್ಥವಾಗಲಿಲ್ಲ.

"ನೀವು ಈ ಠಾಣೆಗೆ ಬಂದು ಒಂದು ವಾರಕ್ಕೆ ಗೂಳಿನೂ ಬಂದಿದ್ದ. ಮೇಸ್ತ್ರಿ ನನ್ನ ಮುಗಿಸ್ತಾನೆ ಅಂತ. ದಿನಾ ತಡವಾಗಿ ಕೆಲಸಕ್ಕೆ ಬರ್ತಿದ್ದಿದ್ದು ನಿಮ್ಮ ಕಣ್ಣಿಗೆ ಬೀಳಬಾರದು ಅಂತ. ರಾತ್ರಿ ಬಾಗಿಲಿಗೆ ಮಂಚ ಅಡ್ಡ ಇಟ್ಟು ಮಲಗ್ತಿದ್ದ."

"ಗೂಳಿನಾ?" ಮೇಸ್ತ್ರಿಗೆ ನಗು ಬಂತು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂಬಂತೆ ದಫೇದಾರನ ಕಡೆ ನೋಡಿದ. ದಫೇದಾರ ತಲೆ ತಗ್ಗಿಸಿದ್ದ. ನಗು ಹಾಗೇ ಮುಖದ ಮೇಲೆ ಉಳಿದು, ನಿಧಾನವಾಗಿ ಬೇರೇನೋ ಆಯಿತು. "ಗೂಳಿ ನನಗೆ ಹೆದರ್ತಿದ್ನಾ? ನನಗೆ?"

ಇನ್ಸ್‌ಪೆಕ್ಟರ್ ಹೌದೆಂದು ತಲೆಯಾಡಿಸಿದಳು.

"ಅದನ್ನ ಯಾರಾದ್ರೂ ನಂಗೆ ಹೇಳ್ಬಾರದಿತ್ತಾ ಮೇಡಂ?"

ಆಕೆ ಕಾಗದವನ್ನು ಅವನ ಮುಂದೆ ಸರಿಸಿದಳು. ಹೇಳಿಕೆಗೆ ಮೇಸ್ತ್ರಿ ಸಹಿ ಹಾಕಿದ. ಅಕ್ಷರಗಳು ಗೋಡೆಯ ಮೇಲಿನ ಆಕಾರಗಳಷ್ಟೇ ಅಚ್ಚುಕಟ್ಟಾಗಿದ್ದವು.

ಸಂಜೆ ರೇಡಿಯೊನನ್ನು ಮತ್ತೆ ಕರೆಸಿದಳು.

"ಗೂಳಿ ಸರಳು ಇಟ್ಕೊಂಡಿದಾನೆ ಅಂತ ಮೇಸ್ತ್ರಿಗೆ ಹೇಳಿದ್ದು ನೀನಾ?"

"ಹೌದು ಮೇಡಂ. ಸುಳ್ಳಲ್ವಲ್ಲ. ಚೀಲದಲ್ಲಿ ಗೋಣಿ ಸುತ್ತಿದ್ದು ನಾನೇ ನೋಡಿದ್ದೆ."

"ಚೀಲದಲ್ಲಿ ನೋಡಿದೋನು ಬೂಟಲ್ಲಿ ಅಂತ ಯಾಕೆ ಹೇಳ್ದೆ?"

ಅವನು ತಲೆ ಕೆರೆದುಕೊಂಡ. "ಹಾಗಂದ್ನಾ? ಅಂದಿರ್ಬಹುದು. ಚೀಲದಲ್ಲಿ ಅಂದ್ರೆ ಯಾರು ಕಿವಿ ಕೊಡ್ತಾರೆ ಮೇಡಂ? ಮಾತಿಗೆ ಸ್ವಲ್ಪ ಉಪ್ಪು ಖಾರ..." ಅವಳ ಮುಖ ನೋಡಿ ಅವನು ಮಾತು ಅರ್ಧಕ್ಕೇ ನಿಲ್ಲಿಸಿದ. ಬಹುಶಃ ಜೀವಮಾನದಲ್ಲಿ ಮೊದಲ ಸಲ. ಅವನ ಮೇಲೆ ಹಾಕಲು ಯಾವ ಕಲಮೂ ಇರಲಿಲ್ಲ. ಸಾಕ್ಷಿಯೆಂದು ಬರೆದುಕೊಂಡು ಕಳಿಸಬೇಕಾಯಿತು.

ಗುರುವಾರ ಮೇಸ್ತ್ರಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. ಕೊಲೆಯ ಉದ್ದೇಶ ಏನೆಂದು ಬರೆಯಲಿ, ಹಳೇ ದ್ವೇಷ ಅಂತ ಹಾಕಲೇ ಎಂದು ದಫೇದಾರ ಕೇಳಿದ. ದ್ವೇಷ ಇದ್ದದ್ದು ಗೂಳಿಗೆ, ಅದೂ ಆರಿಹೋಗಿತ್ತು, ಮೇಸ್ತ್ರಿಗೆ ಇದ್ದದ್ದು ಹೆದರಿಕೆ, ಹಾಗೇ ಬರೀರಿ ಎಂದಳು ಇನ್ಸ್‌ಪೆಕ್ಟರ್. ವಕೀಲರು ಅದನ್ನು ಯಾವ ಕಡೆಗೆ ಎಳೆಯುತ್ತಾರೋ ಎಳೆಯಲಿ. ಮ್ಯಾನೇಜರನ ಮೇಲೆ ಸರಪಳಿಯ ವಿಚಾರಕ್ಕೆ ಬೇರೆಯೇ ವರದಿ ಕಳಿಸಿದಳು.

ಕೇಸು ಮುಗಿಯಿತು ಎಂದು ದಫೇದಾರ ಕಡತ ಕಟ್ಟುತ್ತಿರುವಾಗ ಮೇಸ್ತ್ರಿಯ ಅಳಿಯ ಬಂದ. ಬಸ್ ಡ್ರೈವರು, ಗಟ್ಟಿಮುಟ್ಟಾದ ಆಳು. ಕೂರು ಎಂದರೂ ಕೂರಲಿಲ್ಲ.

"ಗೂಳಿ ತಮ್ಮ ನಿನ್ನೆ ಸಾಯಂಕಾಲ ನಮ್ಮ ಬೀದೀಲಿ ಬಂದು ನಿಂತಿದ್ದ ಮೇಡಂ. ಮಾವನ ಮನೆ ಕಡೇನೇ ನೋಡ್ತಾ. ಅತ್ತೆ ಒಬ್ಬರೇ ಇರೋದು. ಏನೂ ಅನ್ನಲಿಲ್ಲ, ಹೊರಟುಹೋದ. ಅವನು ಏನಾದ್ರೂ ಮಾಡೋ ಮೊದಲು ನೀವೇನಾದ್ರೂ ಮಾಡ್ಬೇಕು. ಇಲ್ಲಾಂದ್ರೆ ನಾನು ಸುಮ್ನಿರಲ್ಲ."

ದಫೇದಾರ ಬಾಯಿ ತೆರೆದವನು ಮುಚ್ಚಿಕೊಂಡು ಇನ್ಸ್‌ಪೆಕ್ಟರ್ ಕಡೆ ನೋಡಿದ.

"ಜೀಪು ತಗೊಂಡು ಹೋಗಿ ಅವನನ್ನೂ ಕರ್ಕೊಂಡು ಬನ್ನಿ," ಎಂದಳು ಆಕೆ.

"ಇವನು ಹೋದ ಮೇಲೆ ತಾನೇ ಮೇಡಂ?"

"ಇವನು ಇರೋವಾಗ್ಲೇ."

"ಒಟ್ಟಿಗೆ ಕೂರಿಸಿದ್ರೆ ಹೊಡೆದಾಡ್ಕೋತಾರೆ."

"ನನ್ನ ಕಣ್ಣೆದುರು ಹೊಡೆದಾಡ್ಕೊಳ್ಳಲಿ."

ಗೂಳಿಯ ತಮ್ಮ ಊರುಗೋಲು ಊರಿಕೊಂಡು ಒಳಗೆ ಬಂದ. ಅಳಿಯನನ್ನು ನೋಡಿ ಬಾಗಿಲಲ್ಲೇ ತಡೆದು ನಿಂತ. ಇಬ್ಬರನ್ನೂ ಒಂದೇ ಮೇಜಿನ ಆಚೆ ಈಚೆ ಕೂರಿಸಿ, ತಾನು ನಡುವೆ ಕೂತಳು. ಟೀ ಬಂತು. ಯಾರೂ ಮುಟ್ಟಲಿಲ್ಲ. ಅಳಿಯನ ಕಣ್ಣು ಆ ಊರುಗೋಲಿನ ಮೇಲಿತ್ತು, ತಮ್ಮನ ಕಣ್ಣು ಅಳಿಯನ ತೋಳುಗಳ ಮೇಲೆ.

"ನಿನ್ನೆ ಅವರ ಬೀದಿಗೆ ಯಾಕೆ ಹೋಗಿದ್ದೆ?" ಎಂದು ಕೇಳಿದಳು.

"ನೋಡೋಕೆ."

"ಏನು ನೋಡೋಕೆ?"

ತಮ್ಮ ಅಳಿಯನ ಕಡೆ ಬೆರಳು ತೋರಿಸಿದ. "ಇವನು ಮನೇಲಿ ಇದಾನಾ, ಇಲ್ಲ ನಮ್ಮನೆ ಕಡೆ ಹೊರಟಿದಾನಾ ಅಂತ. ಅತ್ತಿಗೆ ಎರಡು ದಿನದಿಂದ ಬಾಗಿಲು ತೆಗೀತಾ ಇಲ್ಲ."

ಅಳಿಯ ತಲೆ ಎತ್ತಿದ.

"ಇವನು ಇಲ್ಲಿಗೆ ಬಂದಿರೋದು ನಿನಗೆ ಹೆದರಿ," ಎಂದಳು ಇನ್ಸ್‌ಪೆಕ್ಟರ್. "ಅದನ್ನ ನಿನಗೆ ನಾನು ಹೇಳ್ತಾ ಇದೀನಿ, ಇವನ ಎದುರೇ. ಈಗ ನಿನ್ನದನ್ನ ನೀನೇ ಹೇಳು."

ತಮ್ಮ ಅಳಿಯನ ಮುಖ ನೋಡಿದ. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ ಮೇಜಿನ ಅಂಚಿಗೆ ಒರಗಿಸಿಟ್ಟ.

"ನಂಗೂ," ಎಂದ.